ಸ್ಟೀರಿಂಗ್ ಚಂದ ಇದೆ, ಬಾಸ್ ಎಲ್ಲಿ?

ಪ್ರಶ್ನೆ: ನನ್ನದು 1965ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಮೂಲ ಸ್ಟೀರಿಂಗ್ 16.5 ಇಂಚಿನದು, ಕೂತರೆ ತೊಡೆಗೆ ತಗುಲುತ್ತದೆ. ಮರದ ಹಿಡಿಯ 14 ಇಂಚಿನ ನಾರ್ಡಿ ಕಂಪನಿಯ ಸ್ಟೀರಿಂಗ್ ಸಿಕ್ಕಿತು ಅಂತ ಕೊಂಡೆ. ಮನೆಯಲ್ಲೇ ಕೂರಿಸಬಹುದಾ?

ಉತ್ತರ: ಕೂರಿಸಬಹುದು. ಆದರೆ ಬಾಸ್ ಸಿಗುತ್ತದಾ ಅಂತ ಮೊದಲು ನೋಡಿಕೊಂಡು ಆಮೇಲೆ ಸ್ಟೀರಿಂಗ್ ಕೊಳ್ಳಬೇಕಿತ್ತು. ಸ್ಟೀರಿಂಗಿಗೂ ಕಾಲಮ್ಮಿನ (ಸ್ಟೀರಿಂಗಿನ ಕೆಳಗಿನ ಕೊಳವೆಯ) ಶಾಫ್ಟಿಗೂ ನಡುವೆ ಕೂರುವ ತುಂಡೇ ಬಾಸ್. ಅದರ ಒಳಗಿನ ಹಲ್ಲುಗಳು ನಿಮ್ಮ ಶಾಫ್ಟಿನ ಹಲ್ಲುಗಳಿಗೆ ಗಟ್ಟಿಯಾಗಿ ಕಚ್ಚಬೇಕು. ಎಂಜಿಬಿ 1962ರಿಂದ 1980ರವರೆಗೆ ಬಂದ ಕಾರು, ನಡುವೆ ಕಾಲಮ್ ಬದಲಾಗಿದೆ, ಹಾಗಾಗಿ ಡಬ್ಬದ ಮೇಲೆ ಬರೀ ‘ಎಂಜಿಬಿ’ ಅಂತಿದ್ದರೆ ಸಾಲದು, ವರ್ಷ ಕೇಳಿ. ಇನ್ನೊಂದು ಬದಿಯ ತೂತುಗಳೂ ಹೊಂದಬೇಕು. ನಾರ್ಡಿಗೆ 74 ಮಿ.ಮೀ. ವೃತ್ತದಲ್ಲಿ ಆರು ಬೋಲ್ಟ್, ಇನ್ನೊಂದು ಸ್ಟೀರಿಂಗ್ ಕಂಪನಿ ಮೊಮೊದ್ದಕ್ಕೆ 70ರಲ್ಲಿ ಆರು. ಎರಡೇ ಮಿಲಿಮೀಟರ್ ಸರಿಸಿದರೆ ಆಯ್ತಲ್ವಾ ಅಂತ ಅರ ಹಿಡಿದು ತೂತು ಅಗಲ ಮಾಡುವವರಿದ್ದಾರೆ. ದಮ್ಮಯ್ಯ, ಬೇಡ.

ಇನ್ನು ಬಿಚ್ಚುವ ಕೆಲಸ. ಮುಂದಿನ ಗಾಲಿ ನೇರ ಇಡಿ, ಬ್ಯಾಟರಿ ವೈರ್ ತೆಗೆಯಿರಿ, ಹಾರ್ನ್ ಗುಂಡಿ ಕೀಳಿ, ಶಾಫ್ಟಿಗೂ ಹಳೇ ಸ್ಟೀರಿಂಗಿಗೂ ಸೇರಿ ಒಂದು ಬಣ್ಣದ ಗೆರೆ ಎಳೆಯಿರಿ. ನಟ್ ಸಡಿಲಿಸಿ, ಆದರೆ ಪೂರ್ತಿ ತೆಗೆಯಬೇಡಿ, ಎರಡು ಸುತ್ತು ಹಾಗೇ ಇರಲಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸುತ್ತಾ ಎಳೆಯಿರಿ. ವರ್ಷಗಟ್ಟಲೆ ಕಚ್ಚಿ ಕೂತದ್ದು ಬಿಡುವಾಗ ಒಂದೇ ಏಟಿಗೆ ಬಿಡುತ್ತದೆ, ನಟ್ ಇಲ್ಲದಿದ್ದರೆ ಸೀದಾ ಹಲ್ಲಿಗೆ. ನನ್ನ ಕೆಳತುಟಿಯ ಹೊಲಿಗೆ ಗುರುತು ಹೀಗೇ ಬಂದದ್ದು. ಬರಲಿಲ್ಲ ಅಂದರೆ ಪುಲ್ಲರ್ (ಎಳೆದು ಬಿಡಿಸುವ ಸಾಧನ) ಹಾಕಿ. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆದರೆ ನಟ್ ಕೂರುವ ತಿರುಪಿನ ಮರೆ ಹಾಳಾಗುತ್ತದೆ, ಅಪಘಾತದಲ್ಲಿ ಕುಸಿಯುವಂಥ ಕಾಲಮ್ ಇರುವ ಕಾರಾದರೆ ಕಾಲಮ್ಮೇ ಹೋಗುತ್ತದೆ.

ಹೊಸದು ಕೂರಿಸಿದ ಮೇಲೆ ನಟ್ಟನ್ನು ಅಂದಾಜಿಗೆ ಬಿಗಿ ಮಾಡಬೇಡಿ, ಕಾರಿನ ಕೈಪಿಡಿಯ ಲೆಕ್ಕಕ್ಕೆ ಟಾರ್ಕ್ ರೆಂಚ್‌ನಲ್ಲೇ (ಬಿಗಿ ಅಳೆಯುವ ಸ್ಪ್ಯಾನರ್) ಬಿಗಿಯಿರಿ.

ಒಂದು ಮಾತು. 16.5ರಿಂದ 14 ಇಂಚಿಗೆ ಇಳಿದರೆ ತಿರುಗಿಸಲು ಸುಮಾರು ಶೇ. 18ರಷ್ಟು ಜಾಸ್ತಿ ಬಲ ಬೇಕು. ಪವರ್ ಸ್ಟೀರಿಂಗ್ ಇಲ್ಲದ ಕಾರು, ಓಡುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ, ಪಾರ್ಕ್ ಮಾಡುವಾಗ ತೋಳು ಹೇಳುತ್ತದೆ. ನಾನಾಗಿದ್ದರೆ 15 ಇಂಚಿಗೇ ನಿಲ್ಲುತ್ತಿದ್ದೆ. ಚಿಕ್ಕ ಸ್ಟೀರಿಂಗಿನ ಮೇಲಂಚು ಸ್ಪೀಡೋಮೀಟರಿಗೆ ಅಡ್ಡ ಬರುವುದೂ ಉಂಟು, ಬೋಲ್ಟ್ ಹಾಕುವ ಮೊದಲೇ ಸೀಟಲ್ಲಿ ಕೂತು ಹಿಡಿದು ನೋಡಿ.

ಪ್ರಶ್ನೆ: ಹೊಸ ಸ್ಟೀರಿಂಗ್ ಹಾಕಿದ ಮೇಲೆ ಇಂಡಿಕೇಟರ್ ತಾನಾಗಿ ಆಫ್ ಆಗುತ್ತಿಲ್ಲ. ಸ್ವಿಚ್ ಹೋಯ್ತಾ?

ಉತ್ತರ: ಸ್ವಿಚ್ ಬದಲಿಸುವ ಮೊದಲು ಬಾಸ್ ಬಿಚ್ಚಿ ನೋಡಿ. ಎಷ್ಟೋ ಕಾರುಗಳಲ್ಲಿ ಸ್ವಿಚ್ಚನ್ನು ತಳ್ಳುವ ಪುಟ್ಟ ಗುಬುಟು ಬಾಸಿನ ಹಿಂಬದಿಯಲ್ಲೇ ಇರುತ್ತದೆ. ನಿಮ್ಮದೂ ಹಾಗೇ ಇದ್ದರೆ ಬಾಸ್ ಅರ್ಧ ಸುತ್ತು ತಿರುಗಿ ಕೂತಿರಬೇಕು. ಅದನ್ನು ಸರಿಯಾಗಿ ಕೂರಿಸಿ. ಆಗ ಸ್ಟೀರಿಂಗ್ ತಲೆಕೆಳಗಾಗುತ್ತದೆ, ಆರು ಬೋಲ್ಟ್ ಬಿಚ್ಚಿ ಅದನ್ನಷ್ಟೇ ತಿರುಗಿಸಿಕೊಂಡರಾಯ್ತು.

ಪ್ರಶ್ನೆ: ನನ್ನ ಹಳೇ ಮಜ್ದಾ ಎಂಎಕ್ಸ್-5 ಕಾರಿನ ಸ್ಟೀರಿಂಗಲ್ಲಿ ಏರ್‌ಬ್ಯಾಗ್ ಇದೆ. ಸ್ಟೀರಿಂಗ್ ಬದಲಿಸಿ ಏರ್‌ಬ್ಯಾಗ್ ವೈರಿಗೆ ರೆಸಿಸ್ಟರ್ (ಕರೆಂಟ್ ತಡೆಯುವ ಪುಟ್ಟ ತುಂಡು) ಹಾಕಿದರೆ ಸಾಕು ಅಂತಾರೆ, ಹೌದಾ?

ಉತ್ತರ: ರೆಸಿಸ್ಟರ್ ಹಾಕಿದರೆ ಎಚ್ಚರಿಕೆ ದೀಪ ಆರುತ್ತದೆ. ಏರ್‌ಬ್ಯಾಗ್ ವಾಪಸ್ ಬರುವುದಿಲ್ಲ. ಹಾಗೇ ಬಿಡಿ ಮಾರಾಯ್ರೆ, ಹಿಡಿತ ಜಾರುತ್ತದೆ ಅಂದರೆ ಈಗಿನ ಸ್ಟೀರಿಂಗಿಗೇ ಚರ್ಮದ ಹೊದಿಕೆ ಹೊಲಿಸಿಕೊಳ್ಳಿ.