ಪ್ರೀ-ಮೆಡ್ ಬಿಟ್ಟ ಮೊಮ್ಮಗಳು

ಪ್ರಶ್ನೆ: ನನ್ನ ಮೊಮ್ಮಗಳು ಅಮೆರಿಕದ ಒಹಾಯೋದಲ್ಲಿ ಪ್ರೀ-ಮೆಡ್ ಓದುತ್ತಿದ್ದಳು. ಡಾಕ್ಟರಾಗುತ್ತಾಳೆ ಅಂತ ಬೀದಿಗೆಲ್ಲ ಹೇಳಿದ್ದೆ. ಈಗ ಎರಡನೇ ವರ್ಷಕ್ಕೇ ಬಿಟ್ಟುಬಿಟ್ಟೆ ಅನ್ನುತ್ತಾಳೆ. ಮೆಡಿಕಲ್ ಸೀಟು ಸಿಕ್ಕಮೇಲೆ ಯಾರಾದರೂ ಹೀಗೆ ಬಿಡುತ್ತಾರಾ? ಹುಡುಗಿ ಸರಿಯಾಗಿ ಓದಲಿಲ್ವಾ?
— ಒಬ್ಬ ಅಜ್ಜಿ, ಮೈಸೂರು

ಉತ್ತರ: ಅಮ್ಮಾ, ಅವಳು ಸೀಟು ಬಿಟ್ಟಿಲ್ಲ. ಸೀಟು ಅವಳಿಗೆ ಇನ್ನೂ ಸಿಕ್ಕೇ ಇರಲಿಲ್ಲ. ನಮ್ಮಲ್ಲಿ ಪಿಯುಸಿ ಮುಗಿಸಿ, ನೀಟ್ ಬರೆದು ನೇರ ಎಂಬಿಬಿಎಸ್‌ಗೆ ಹೋಗುತ್ತಾರೆ. ಅಲ್ಲಿ ಸಾಮಾನ್ಯವಾಗಿ ಮೊದಲು 4 ವರ್ಷದ ಡಿಗ್ರಿ, ಆಮೇಲೆ 4 ವರ್ಷ ಮೆಡಿಕಲ್ ಸ್ಕೂಲ್, ಅದಾದ ಮೇಲೆ ಕಡಿಮೆ ಅಂದರೂ 3 ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಪ್ರೀ-ಮೆಡ್ ಅಂದರೆ, ಮುಂದೆ ಮೆಡಿಕಲ್‌ಗೆ ಅರ್ಜಿ ಹಾಕುತ್ತೇನೆ ಅಂತ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಕೋರ್ಸುಗಳನ್ನು ಓದುವುದು, ಅಷ್ಟೆ. ಇತಿಹಾಸದಲ್ಲಿ ಡಿಗ್ರಿ ಮಾಡುವವರೂ ಪ್ರೀ-ಮೆಡ್ ಆಗಿರಬಹುದು.

ನಾನು ಅಲ್ಲಿನ ಒಂದು ಕಾಲೇಜಿನಲ್ಲಿ, ಈ ಪ್ರೀ-ಮೆಡ್ ಮಕ್ಕಳು ಓದುವ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು 19 ವರ್ಷ ಪಾಠ ಮಾಡಿದವಳು. ಆಗಸ್ಟ್ ಕೊನೆಗೆ ಕ್ಲಾಸು ತುಂಬಿರುತ್ತಿತ್ತು. ಮೊದಲ ಪರೀಕ್ಷೆಯ ಪೇಪರ್ ವಾಪಸ್ ಕೊಟ್ಟ ಮೇಲೆ ಹಿಂದಿನ ಸಾಲುಗಳು ಖಾಲಿಯಾಗುತ್ತಿದ್ದವು. ಹೈಸ್ಕೂಲಿನಲ್ಲಿ ಎ ಗ್ರೇಡ್ ಬಿಟ್ಟು ಬೇರೆ ಕಾಣದ ಮಕ್ಕಳು ಕೈಯಲ್ಲಿ ಸಿ ಹಿಡಿದು ನನ್ನ ರೂಮಿನಲ್ಲಿ ಕೂತು ಅಳುತ್ತಿದ್ದರು. ದಡ್ಡರಲ್ಲ ಅವರು. ಆ ವಿಷಯವೇ ಹಾಗೆ. ಅಣುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಬೇಕು. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬಾಣ ಎಳೆಯಬೇಕು. ಬರೀ ಬಾಯಿಪಾಠ ನಡೆಯುವುದಿಲ್ಲ. ಕೆಲವರಿಗೆ ಬೇಗ ಹೊಳೆಯುತ್ತದೆ, ಕೆಲವರಿಗೆ ಆರು ತಿಂಗಳು ಬೇಕು. ಆದರೆ ಆ ಸಿ ಮಾತ್ರ ಅಂಕಪಟ್ಟಿಯಲ್ಲಿ ಉಳಿದುಬಿಡುತ್ತದೆ.

ಒಬ್ಬಳು ರಾತ್ರಿ 11ರವರೆಗೆ ದಿನಸಿ ಅಂಗಡಿಯಲ್ಲಿ ದುಡಿದು ಬೆಳಗ್ಗೆ 8ಕ್ಕೆ ಲ್ಯಾಬಿಗೆ ಬರುತ್ತಿದ್ದಳು. 'ಇದು ನನ್ನಂಥವರಿಗಲ್ಲ' ಅಂತ ಹೇಳಿ ಹೋದಳು. ನಾನು ತಡೆಯಲಿಲ್ಲ. ತಡೆಯಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಉಳಿದುಕೊಂಡವರಿಗೂ ಮುಂದಿನ ದಾರಿ ಕಿರಿದೇ. ಮೆಡಿಕಲ್ ಸ್ಕೂಲ್ ಸೇರಲು ಬರೆಯುವ ಎಂಕ್ಯಾಟ್ ಪರೀಕ್ಷೆ, ಬಿಡುವೂ ಸೇರಿ ಹೆಚ್ಚುಕಡಿಮೆ ಏಳೂವರೆ ಗಂಟೆ. ಎಂ.ಡಿ. (ಅಲ್ಲಿ ಅದು ನಮ್ಮ ಎಂಬಿಬಿಎಸ್ ಇದ್ದ ಹಾಗೆ) ಕೊಡುವ ಕಾಲೇಜುಗಳಿಗೆ ವರ್ಷಕ್ಕೆ 50 ಸಾವಿರಕ್ಕೂ ಜಾಸ್ತಿ ಜನ ಅರ್ಜಿ ಹಾಕುತ್ತಾರೆ, ಸೇರುವವರು ಸುಮಾರು 23 ಸಾವಿರ. ಓದಿ ಮುಗಿಸುವಾಗ ತಲೆ ಮೇಲೆ ದೊಡ್ಡ ಸಾಲ.

ಇನ್ನೊಂದು ಥರದ ಮಕ್ಕಳೂ ಇದ್ದಾರೆ. ಒಳ್ಳೆ ಮಾರ್ಕ್ಸ್ ಇದ್ದೂ ಬಿಡುವವರು. ಹದಿನೇಳಕ್ಕೆ ಮನೆಯವರ ಖುಷಿಗೆ ಹೂಂ ಅಂದಿರುತ್ತಾರೆ. ಇಪ್ಪತ್ತಕ್ಕೆ ತಮಗೇನು ಬೇಕು ಅಂತ ಗೊತ್ತಾಗುತ್ತದೆ. ನಮ್ಮ ಕನ್ನಡದ ಮನೆಗಳ ಮಕ್ಕಳಲ್ಲಿ ನಾನು ಇದನ್ನೇ ಜಾಸ್ತಿ ಕಂಡೆ.

ನಿಮ್ಮ ಹುಡುಗಿ ಯಾವ ಕಡೆಯವಳೋ, ಅವಳೇ ಹೇಳಬೇಕು. ಭಾನುವಾರ ಫೋನ್ ಮಾಡಿದಾಗ ಕೇಳಿ: 'ಬೇಡ ಅನ್ನಿಸಿತಾ, ಆಗಲ್ಲ ಅನ್ನಿಸಿತಾ?' ಬೇಡ ಅಂದರೆ ಈಗ ಏನು ಓದುತ್ತಿದ್ದಾಳೆ ಅಂತ ಆಸೆಯಿಂದ ಕೇಳಿ. ಆಗಲ್ಲ ಅಂದರೆ, ಬಾಗಿಲು ಮುಚ್ಚಿಲ್ಲ ಅಂತ ಹೇಳಿ. ಡಿಗ್ರಿ ಮುಗಿದ ಮೇಲೂ ಆ ಕೋರ್ಸುಗಳನ್ನು ಓದಬಹುದು, ಪೋಸ್ಟ್-ಬ್ಯಾಕ್ ಅನ್ನುತ್ತಾರೆ. ಒಂದೆರಡು ವರ್ಷ ಬಿಟ್ಟು ಮೆಡಿಕಲ್ ಸೇರುವವರು ಅಲ್ಲಿ ಬಹಳ ಮಂದಿ. ಬೀದಿಯವರಿಗೆ ಏನು ಹೇಳಲಿ ಅನ್ನುವ ಮಾತನ್ನು ಮಾತ್ರ ಅವಳ ಹತ್ತಿರ ಎತ್ತಬೇಡಿ.