ಹಿತ್ತಲಲ್ಲಿ ಪಟ್ಟಿಂಗ್ ಗ್ರೀನ್: ಹುಲ್ಲಿಗಿಂತ ಮೊದಲು ಜಲ್ಲಿಯ ಮಾತು

ಪ್ರಶ್ನೆ: ಹಿತ್ತಲಲ್ಲಿ 12 ಅಡಿ ಅಗಲ, 20 ಅಡಿ ಉದ್ದದ ಜಾಗವಿದೆ. ಅಲ್ಲಿ ಕೃತಕ ಹುಲ್ಲಿನ ಪಟ್ಟಿಂಗ್ ಗ್ರೀನ್, ಅಂದರೆ ಗಾಲ್ಫ್ ಚೆಂಡನ್ನು ಮೆಲ್ಲಗೆ ಉರುಳಿಸಿ ಗುಳಿಗೆ ಬೀಳಿಸುವ (ಪಟ್ ಮಾಡುವ) ಅಭ್ಯಾಸದ ಜಾಗ ಮಾಡಿಸಬೇಕೆಂದಿದ್ದೇನೆ. ಜೇಡಿಮಣ್ಣು, ಮಳೆ ಬಂದರೆ ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ. ನೆಲ ಮಟ್ಟ ಮಾಡಿ, ಮರಳು ಹರಡಿ, ಮೇಲೆ ಹುಲ್ಲು ಹಾಸಿದರೆ ಎರಡೇ ದಿನದ ಕೆಲಸ ಎನ್ನುತ್ತಾರೆ ಗುತ್ತಿಗೆದಾರರು. ಅಷ್ಟು ಸಾಕೇ? ಯಾವ ಹುಲ್ಲು ಒಳ್ಳೆಯದು?

ಉತ್ತರ: ಸಾಲದು. ಬರೀ ಮರಳಿನ ಮೇಲೆ ಹಾಸಿದ ಹುಲ್ಲು ಮೊದಲ ತಿಂಗಳು ಚೆನ್ನಾಗಿಯೇ ಇರುತ್ತದೆ. ಆಮೇಲೆ ಕಾಲಿಟ್ಟಲ್ಲೆಲ್ಲ ಮರಳು ಸರಿಯುತ್ತದೆ, ಜೇಡಿ ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ. ಚೆಂಡು ಪ್ರತಿ ಸಲ ಒಂದೊಂದು ದಾರಿ ಹಿಡಿಯುತ್ತದೆ. ಪಟ್ಟಿಂಗ್ ಹುಲ್ಲಿನ ಎಳೆ ಗಿಡ್ಡ, ಹೆಚ್ಚೆಂದರೆ 12ರಿಂದ 20 ಮಿಲಿಮೀಟರ್. ಕೆಳಗಿನ ಉಬ್ಬುತಗ್ಗನ್ನು ಮುಚ್ಚುವಷ್ಟು ದಪ್ಪ ಅದಕ್ಕಿಲ್ಲ. ಹಾಗಾಗಿ ಹಣವನ್ನೂ ದಿನಗಳನ್ನೂ ತಳಪಾಯಕ್ಕೆ ಹೆಚ್ಚು ಎತ್ತಿಡಿ, ಹುಲ್ಲಿನ ಆಯ್ಕೆ ಆಮೇಲಿನದು.

ನಿಮ್ಮಂಥ ಮಣ್ಣಿಗೆ ಕನಿಷ್ಠ 4 ಇಂಚು ಅಗೆಯಿರಿ, 6 ಇಂಚಾದರೆ ಇನ್ನೂ ನಿಶ್ಚಿಂತೆ. ಬೇರು, ಗೆಡ್ಡೆ, ಸಡಿಲ ಮಣ್ಣು ಯಾವುದನ್ನೂ ಉಳಿಸಬೇಡಿ. ಅಗೆದ ನೆಲವನ್ನು ದಮ್ಮಸ್ಸು ಮಾಡಿ, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಅದಿಲ್ಲದಿದ್ದರೆ ಜೇಡಿ ಮೆಲ್ಲಗೆ ಮೇಲೇರಿ ಜಲ್ಲಿಯ ಸಂದು ತುಂಬಿಕೊಳ್ಳುತ್ತದೆ, ನೀರು ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಬಟ್ಟೆಯ ಮೇಲೆ ಒಡೆದ ಜಲ್ಲಿ. ಉರುಟು ಕಲ್ಲು ಬೇಡ, ಅದು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಕೊನೆಗೆ ಒಂದು ಇಂಚಿನಷ್ಟು ಕಲ್ಲುಪುಡಿ. ಎಲ್ಲವನ್ನೂ ಒಟ್ಟಿಗೆ ಸುರಿದು ಮೇಲಿಂದ ಕುಟ್ಟಿದರೆ ಮೇಲ್ಪದರ ಮಾತ್ರ ಗಟ್ಟಿಯಾಗುತ್ತದೆ. ಎರಡು ಮೂರು ಇಂಚಿಗೊಂದು ಪದರ ಹರಡಿ, ತುಸು ನೀರು ಚಿಮುಕಿಸಿ, ನೆಲ ಕುಟ್ಟುವ ಯಂತ್ರ (ಪ್ಲೇಟ್ ಕಾಂಪ್ಯಾಕ್ಟರ್) ಓಡಿಸಿ. ನಡೆದಾಡಿದರೆ ಹೆಜ್ಜೆ ಗುರುತು ಮೂಡಬಾರದು.

ನೀರಿಗಾಗಿ ಒಟ್ಟಾರೆ 1ರಿಂದ 2 ಶೇಕಡಾ ಇಳಿಜಾರು ಕೊಡಿ. 20 ಅಡಿ ಉದ್ದಕ್ಕೆ 1 ಶೇಕಡಾ ಎಂದರೆ ಸುಮಾರು ಎರಡೂವರೆ ಇಂಚು. ಇಳಿಜಾರು ಮನೆಯ ಗೋಡೆಯ ಕಡೆಗಿರಬಾರದು. ನೀರು ನಿಲ್ಲುವ ಮೂಲೆಗೆ ಜಲ್ಲಿಯೊಳಗೇ ರಂಧ್ರವಿರುವ ಪೈಪ್ ಹಾಕಿ ಹೊರಗೆ ದಾರಿ ಮಾಡಿಸಿ. ಚೆಂಡು ತಿರುಗಲಿ ಎಂಬ ಆಸೆಗೆ ಗುಡ್ಡ ಕಟ್ಟುವವರಿದ್ದಾರೆ. ಇಷ್ಟು ಜಾಗಕ್ಕೆ ಒಂದೆರಡು ಮೃದುವಾದ ಅಲೆ ಧಾರಾಳ. ಗುಳಿಯ ಸುತ್ತ ಮೂರಡಿಯಲ್ಲಿ ಇಳುಕಲು 3 ಶೇಕಡಾ ದಾಟಿದರೆ, ವೇಗದ ಹುಲ್ಲಿನಲ್ಲಿ ಮೇಲಿನಿಂದ ಬಂದ ಚೆಂಡು ನಿಲ್ಲುವುದೇ ಕಷ್ಟ.

ಹುಲ್ಲು ಹಾಸುವ ಮುಂಚೆ ಮೂರು ಪರೀಕ್ಷೆಗಳನ್ನು ನೀವೇ ಮಾಡಿ. ಪೈಪಿನಿಂದ ತಳದ ಮೇಲೆಲ್ಲ ನೀರು ಹಾಯಿಸಿ, ಎಲ್ಲಿ ಹೊಳೆಯುತ್ತ ನಿಲ್ಲುತ್ತದೋ ಅಲ್ಲಿ ತಗ್ಗಿದೆ. ಒಣಗಿದ ಮೇಲೆ ನೇರವಾದ ಉದ್ದ ಪಟ್ಟಿಯೊಂದನ್ನು ನಾಲ್ಕೂ ದಿಕ್ಕಿಗೆ ಎಳೆದು ನೋಡಿ, ನಂತರ ಕಲ್ಲುಪುಡಿಯ ಮೇಲೇ ಚೆಂಡು ಉರುಳಿಸಿ. ಈಗ ಒಂದು ಬೊಗಸೆ ಪುಡಿಯಲ್ಲಿ ಸರಿಹೋಗುವ ತಪ್ಪಿಗೆ ಮುಂದೆ ಇಡೀ ಹಾಸನ್ನೇ ಎಬ್ಬಿಸಬೇಕಾಗುತ್ತದೆ. ಈ ಪರೀಕ್ಷೆಗೆ ಒಪ್ಪದ ಗುತ್ತಿಗೆದಾರರಿಗೆ ಕೆಲಸ ಕೊಡಲೇಬೇಡಿ.

ಗುಳಿಯ ವ್ಯಾಸ 4.25 ಇಂಚು, ಅಂದರೆ 108 ಮಿಲಿಮೀಟರ್. ಆಳ ಕನಿಷ್ಠ 4 ಇಂಚು. ಗುಳಿಯೊಳಗೆ ಕೂರಿಸುವ ಕಪ್ಪನ್ನು ತಳದಲ್ಲೇ ಕಾಂಕ್ರೀಟಿನಿಂದ ಭದ್ರ ಮಾಡಿ, ಅದರಡಿ ಜಲ್ಲಿ ತುಂಬಿ, ನೀರಿಳಿಯಲು ತೂತು ಬಿಡಿ. ಅದರ ಅಂಚು ಕಲ್ಲುಪುಡಿಯ ಮಟ್ಟಕ್ಕೆ ಕರಾರುವಾಕ್ಕಾಗಿರಬೇಕು. ಕೂದಲೆಳೆಯಷ್ಟು ಮೇಲೆದ್ದರೂ ಹುಲ್ಲು ಗುಳಿಯ ಸುತ್ತ ದಿಬ್ಬವಾಗಿ, ನಿಧಾನಕ್ಕೆ ಬಂದ ಒಳ್ಳೆಯ ಪಟ್ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಜಾರುತ್ತದೆ. ಹುಲ್ಲು ಹಾಸಿದ ಮೇಲೆ ಗುಳಿಯ ನಡುವಿನಿಂದ ಗುಣಾಕಾರ ಚಿಹ್ನೆಯಂತೆ ಕೊಯ್ದು, ಕಪ್ಪಿನ ಒಳಗೋಡೆಗೆ ಬ್ಲೇಡ್ ಒತ್ತಿ ಸ್ವಲ್ಪಸ್ವಲ್ಪವೇ ಸುತ್ತ ಕತ್ತರಿಸಿ. ಪ್ರತಿ ಗುಳಿಗೂ ಹೊಸ ಬ್ಲೇಡ್ ಬಳಸಿ. ಎರಡು ಮೂರು ಗುಳಿ ಸಾಕು. ಅವು ಎದುರುಬದುರು ಮೂಲೆಗಳ ಕಡೆಗಿದ್ದರೆ ಉದ್ದದ ಪಟ್ ಸಿಗುತ್ತದೆ.

ಇನ್ನು ಹುಲ್ಲು. ಸುರುಳಿಯೆಳೆಯ ಒತ್ತಾದ ನೈಲಾನ್‌ಗೆ ಮರಳು ತುಂಬಬೇಕಿಲ್ಲ, ನಿರ್ವಹಣೆ ಸುಲಭ, ಬೆಲೆ ಹೆಚ್ಚು. ಪಾಲಿಪ್ರೊಪಿಲೀನ್ ಹುಲ್ಲಿಗೆ ಸಿಲಿಕಾ ಮರಳು ತುಂಬಲೇಬೇಕು. ಹಾಸು ಒಣಗಿರುವಾಗ, ಒಣ ಮರಳನ್ನು ತೆಳು ಪದರಗಳಲ್ಲಿ ಉದುರಿಸಿ, ಪ್ರತಿ ಪದರಕ್ಕೂ ಗಡುಸು ಪೊರಕೆಯಿಂದ ಎಳೆಗಳನ್ನು ಎಬ್ಬಿಸುತ್ತ ಹೋಗಿ. ಎಳೆಯ ತುದಿ ಕಡಿಮೆ ಕಂಡಷ್ಟೂ ಚೆಂಡಿನ ವೇಗ ಜಾಸ್ತಿ. ಬೇಕಾದ ವೇಗಕ್ಕೆ ತರಲು ಅವಕಾಶವಿರುವುದರಿಂದ, ತಾಳ್ಮೆಯಿರುವ ಆಟಗಾರರಿಗೆ ನಾನು ಸೂಚಿಸುವುದು ಇದನ್ನೇ. ಯಾವುದನ್ನೇ ತಂದರೂ ಸುರುಳಿ ಬಿಚ್ಚಿ ಕೆಲವು ಗಂಟೆ ಬಿಸಿಲಿಗೆ ಹರಡಿ, ಮಡಿಕೆ ತಾನಾಗಿ ಬಿಡುತ್ತದೆ. 12 ಅಡಿ ಅಗಲದ ಒಂದೇ ಹಾಸು ಸಿಕ್ಕರೆ ಜೋಡಣೆಯ ತಲೆನೋವೂ ಇಲ್ಲ. ಮೊಳೆ ಅಂಚಿಗೆ ಮಾತ್ರ.

ವೇಗ ಅಳೆಯಲು ಸ್ಟಿಂಪ್‌ಮೀಟರ್ ಇದೆ. 1935ರ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ನೋಡಿದ ಎಡ್ವರ್ಡ್ ಸ್ಟಿಂಪ್ಸನ್ ರೂಪಿಸಿದ ಸಲಕರಣೆ ಇದು, ಈಗ 36 ಇಂಚಿನ ಲೋಹದ ಕಾಲುವೆಯಂಥ ಪಟ್ಟಿ. ಒಂದು ತುದಿ ಎತ್ತುತ್ತ ಹೋದರೆ ಸುಮಾರು 20 ಡಿಗ್ರಿಯಲ್ಲಿ ಚೆಂಡು ತಾನೇ ಹೊರಡುತ್ತದೆ, ಅದು ಎಷ್ಟು ಅಡಿ ಉರುಳಿತೋ ಅದೇ ವೇಗ. ಎದುರು ದಿಕ್ಕಿನಿಂದಲೂ ಉರುಳಿಸಿ ಸರಾಸರಿ ತೆಗೆಯಿರಿ. ಮನೆ ಅಭ್ಯಾಸಕ್ಕೆ 9ರಿಂದ 10 ಹಿತವಾದ ವೇಗ. ನೀವು ಆಡುವ ಕ್ಲಬ್ಬಿನ ಗ್ರೀನ್ ನಿಧಾನದ್ದಾದರೆ ನಿಮ್ಮದನ್ನೂ ಅದಕ್ಕೇ ಹೊಂದಿಸಿ.

ಪ್ರಶ್ನೆ: ಈಗಾಗಲೇ ಇರುವ ಕಾಂಕ್ರೀಟ್ ಅಂಗಳದ ಮೇಲೇ ಹಾಸಬಹುದೇ?

ಉತ್ತರ: ಪಟ್ಟಿಂಗ್‌ಗೆ ಮಾತ್ರವಾದರೆ ಹಾಸಬಹುದು, ನೀರು ಹರಿದು ಹೋಗುವಂತಿರಬೇಕು. ಗುಳಿಗೆ ಕಾಂಕ್ರೀಟ್ ಕೊರೆಯಬೇಕಾಗುತ್ತದೆ. ಚೆಂಡನ್ನು ಗಾಳಿಗೆತ್ತಿ ಮೇಲಿಂದ ಬೀಳಿಸುವ ಚಿಪ್ ಹೊಡೆತಕ್ಕೆ ಇದು ಆಗದು, ಚೆಂಡು ಪುಟಿದು ಬೇಲಿಯಾಚೆ ಹೋಗುತ್ತದೆ.

ಪ್ರಶ್ನೆ: ಕಿಟಕಿಯ ಎದುರಿನ ಹುಲ್ಲು ಕರಗಿದಂತೆ ಮುದುಡಿದೆ. ಕಳಪೆ ಮಾಲೇ?

ಉತ್ತರ: ಹುಲ್ಲನ್ನು ದೂರುವ ಮುನ್ನ ಗಾಜನ್ನು ನೋಡಿ. ಶಾಖ ತಡೆಯುವ ಲೇಪನವಿರುವ ಗಾಜು ಬಿಸಿಲನ್ನು ಒಂದೆಡೆಗೆ ಪ್ರತಿಫಲಿಸಿ ಕೃತಕ ಎಳೆಯನ್ನು ಕರಗಿಸಬಲ್ಲದು. ಬಿಸಿಲಿನ ಹೊತ್ತಲ್ಲಿ ನಿಂತು ಗಮನಿಸಿದರೆ, ಪ್ರಖರವಾದ ಬೆಳಕಿನ ಪಟ್ಟಿ ಅದೇ ಜಾಗದ ಮೇಲೆ ಹಾದುಹೋಗುವುದು ಕಾಣುತ್ತದೆ. ಕಿಟಕಿಯ ಹೊರಗೆ ಜಾಲರಿ ಪರದೆ ಹಾಕಿಸಿ, ಆಮೇಲೆ ಆ ತುಂಡನ್ನಷ್ಟೇ ಕತ್ತರಿಸಿ ಬದಲಾಯಿಸಿ. ಹೊಸ ತುಂಡಿನ ಎಳೆ ಉಳಿದ ಹಾಸಿನ ದಿಕ್ಕಿಗೇ ಬಾಗಿರಲಿ.