ಹೊಟ್ಟೆನೋವಿನ ಹುಡುಗಿ, ಮೂರು ಹೈಸ್ಕೂಲು

ತಿಪಟೂರು ಕಡೆಯ ಒಂದು ಹಳ್ಳಿ. ಹುಡುಗಿಗೆ 13 ವರ್ಷ, ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ಅವಳನ್ನು ಇಲ್ಲಿ ಗೌರಿ ಎನ್ನುತ್ತೇನೆ, ಅದು ಅವಳ ಹೆಸರಲ್ಲ. ಗುರುತು ಸಿಗಬಾರದೆಂದು ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳೂ ಅವಳ ಅಪ್ಪ ಅಮ್ಮನೂ ಒಪ್ಪಿದ್ದಾರೆ.

ನಾನು ಕೌನ್ಸೆಲರ್. ಗೌರಿಯನ್ನು ನನ್ನ ಹತ್ತಿರ ಕಳಿಸಿದ್ದು ಮಕ್ಕಳ ಡಾಕ್ಟರು. ಜನವರಿಯಿಂದ ವಾರಕ್ಕೆ ಎರಡು ಮೂರು ಸಲ ಹೊಟ್ಟೆನೋವು. ಸ್ಕ್ಯಾನ್ ಆಗಿತ್ತು, ರಕ್ತ, ಮೂತ್ರ ಎಲ್ಲ ನೋಡಿದ್ದಾಗಿತ್ತು, ಹುಳದ ಮಾತ್ರೆ ಕೊಟ್ಟಿದ್ದಾಗಿತ್ತು. ಅಜ್ಜಿ ದೃಷ್ಟಿ ತೆಗೆದದ್ದೂ ಆಗಿತ್ತು. ಡಾಕ್ಟರ ಚೀಟಿಯಲ್ಲಿ ಕೊನೆಗೆ ಒಂದು ಸಾಲು ಇತ್ತು: 'ಮನೆಯಲ್ಲಿ ಹೈಸ್ಕೂಲಿನ ಮಾತು ಎದ್ದ ದಿನ ನೋವು ಬರುತ್ತೆ, ಸ್ವಲ್ಪ ನೋಡಿ.'

ಮೊದಲ ದಿನ ಮೂವರೂ ಬಂದರು. ಮಾತಾಡಿದ್ದು ಅಪ್ಪ. ತೆಂಗಿನ ತೋಟ ಇದೆ, ಸ್ವಲ್ಪ ಕೊಬ್ಬರಿ ವ್ಯಾಪಾರವೂ ಇದೆ. ಕೈಚೀಲದಿಂದ ಕೊಬ್ಬರಿ ಲೆಕ್ಕದ ಪುಸ್ತಕ ತೆಗೆದರು. ಹಿಂದಿನ ಹಾಳೆ ತಿರುಗಿಸಿದರೆ ಅಲ್ಲಿ ಶಾಲೆಗಳ ಲೆಕ್ಕ! ಮೂರು ಕಾಲಂ, ಮೂರು ಹೈಸ್ಕೂಲು, ಅವುಗಳ ಕೆಳಗೆ ಯಾರು ಏನು ಹೇಳಿದರು ಅಂತ.

ಮೊದಲನೆಯದು ಹಳ್ಳಿಯಿಂದ 4 ಕಿಲೋಮೀಟರ್ ದೂರದ ಅನುದಾನಿತ ಪ್ರೌಢಶಾಲೆ, ಕನ್ನಡ ಮಾಧ್ಯಮ. ಅದರ ಕೆಳಗೆ 'ಶಿಸ್ತು ಇತ್ತು. ಈಗ ಮೇಷ್ಟ್ರಿಲ್ಲ' ಎಂದಿತ್ತು. ಎರಡನೆಯದು ಪೇಟೆಯ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆ. 'ಶೇ. 100 ರಿಸಲ್ಟು. ಮನೆ ಬಾಗಿಲಿಗೆ ಬಸ್ಸು. ಭಾವನ ಮಗಳು ಅಲ್ಲೇ ಓದೋದು.' ಮೂರನೆಯದು ಪೇಟೆಯ ಸರ್ಕಾರಿ ಜೂನಿಯರ್ ಕಾಲೇಜಿನ ಹೈಸ್ಕೂಲು. ಅಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಸೆಕ್ಷನ್ ಇವೆ. ಅದರ ಕೆಳಗೆ ಒಂದೇ ಮಾತು: 'ಸರ್ಕಾರಿ.'

"ಆದರ್ಶ ವಿದ್ಯಾಲಯ, ಮೊರಾರ್ಜಿ ಶಾಲೆ ಆಗಲ್ವಾ ಮೇಡಂ?" ಅಂದರು. ಆ ಬಸ್ಸು ಹೋಗಿಯಾಗಿತ್ತು. ಅಲ್ಲಿಗೆ ಸೇರಿಸಿಕೊಳ್ಳುವುದು 6ನೇ ತರಗತಿಗೆ. ಮಗು ಐದರಲ್ಲಿ ಇರುವಾಗಲೇ ಪ್ರವೇಶ ಪರೀಕ್ಷೆ ಬರೆಯಬೇಕು. ಇದು ಗೊತ್ತಿಲ್ಲದೆ ಏಳನೇ ಕ್ಲಾಸಿನಲ್ಲಿ ಕೈ ಹಿಸುಕಿಕೊಳ್ಳುವ ಅಪ್ಪಂದಿರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಅಮ್ಮನಿಗೆ ಎರಡನೆಯದೇ ಆಗಬೇಕು. ಕಾರಣ ಅವರೇ ಹೇಳಿದರು. "ನಾನು ಬ್ಯಾಂಕಿಗೆ ಹೋದ್ರೆ ಫಾರ್ಮು ತುಂಬೋಕೆ ಇನ್ನೊಬ್ಬರ ಮುಖ ನೋಡ್ಬೇಕು. ಇವಳಿಗೆ ಆ ಗತಿ ಬೇಡ." ಇದನ್ನು ಇಂಗ್ಲಿಷ್ ಹುಚ್ಚು ಅಂತ ತಳ್ಳಿಹಾಕಲು ನನಗೆ ಬಾಯಿ ಬರಲಿಲ್ಲ. ಅಪ್ಪನಿಗೆ ಭಾವನ ಎದುರು ಸಣ್ಣವನಾಗಬಾರದು ಎಂಬ ಚಿಂತೆಯೂ ಇತ್ತು. "ಅವರ ಮಗಳು ಜಗಳ ಆಡೋದೂ ಇಂಗ್ಲಿಷ್‌ನಲ್ಲೇ ಮೇಡಂ" ಅಂದರು, ಅರ್ಧ ನಗುತ್ತಾ.

ಗೌರಿ ಏನೂ ಹೇಳಲಿಲ್ಲ. ಕೇಳಿದ್ದಕ್ಕೆಲ್ಲ "ಯಾವುದಾದ್ರೂ ಸರಿ" ಅಂದಳು. ಹಾಗನ್ನುವಾಗ ಒಂದು ಕೈ ಹೊಟ್ಟೆಯ ಮೇಲೇ ಇತ್ತು.

ನಾನು ಮಾಡಿದ ಒಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡದಲ್ಲೇ, ಹಳ್ಳಿ ಶಾಲೆಯಲ್ಲೇ. ಹುಡುಗಿಗೆ ಮಾಧ್ಯಮ ಬದಲಾಗುವ ಭಯ ಅಂತ ಮೊದಲ ಅರ್ಧ ಗಂಟೆಯಲ್ಲೇ ತೀರ್ಮಾನಿಸಿಬಿಟ್ಟೆ. 'ಹತ್ತಿರದ ಶಾಲೆಯೇ ಒಳ್ಳೇದಲ್ವಾ' ಎಂಬ ಧಾಟಿಯಲ್ಲಿ ಎರಡು ಮಾತೂ ಆಡಿದೆ. ಅಪ್ಪನ ಪುಸ್ತಕದಲ್ಲಿ ಅದೂ ಒಂದು ಅಭಿಪ್ರಾಯವಾಗಿ ಸೇರಿಕೊಂಡಿತು. ಮುಂದಿನ ವಾರ ಬಂದಾಗ ನೋಡುತ್ತೇನೆ, ಮೊದಲ ಕಾಲಂನಲ್ಲಿ 'ಕೌನ್ಸೆಲರ್ ಮೇಡಂ: ಹತ್ತಿರ ಒಳ್ಳೇದು' ಎಂದು ಬರೆದಿದ್ದರು. ನಾಚಿಕೆಯಾಯಿತು. ಆ ಮೂರೂ ಶಾಲೆಯ ಗೇಟನ್ನೂ ನಾನು ದಾಟಿರಲಿಲ್ಲ.

ಅದನ್ನೇ ಹಿಡಿದುಕೊಂಡೆ. ಪೆನ್ನು ಕೊಟ್ಟು, "ಹೋದ ಒಂದು ವರ್ಷದಲ್ಲಿ ಆ ಶಾಲೆಯ ಒಳಗೆ ಹೋಗಿ ಬಂದವರ ಮಾತು ಮಾತ್ರ ಇಟ್ಟುಕೊಳ್ಳಿ, ಉಳಿದದ್ದು ಹೊಡೆಯಿರಿ. ನನ್ನದರಿಂದಲೇ ಶುರು ಮಾಡಿ" ಅಂದೆ. ಒಟ್ಟು 14 ಅಭಿಪ್ರಾಯ ಇದ್ದವು. ಹಾಲಿನ ಡೈರಿಯ ಸೆಕ್ರೆಟರಿ ಹೋದರು, ಫೋಟೋ ಸ್ಟುಡಿಯೋದವರು ಹೋದರು. 'ಶಿಸ್ತು ಇತ್ತು' ಎಂದಿದ್ದ ದೊಡ್ಡಪ್ಪ ಅಲ್ಲಿ ಓದಿ ಮೂವತ್ತು ವರ್ಷ ಆಗಿತ್ತು. ಭಾವ ಸೇರಿಸುವ ದಿನ ಒಮ್ಮೆ ಆಫೀಸಿಗೆ ಹೋಗಿದ್ದರು, ಆಮೇಲೆ ಫೀ ಎಲ್ಲ ಫೋನಿನಲ್ಲೇ. ಅವರನ್ನು ಹೊಡೆಯಲು ಅಪ್ಪನಿಗೆ ಸ್ವಲ್ಪ ಕಷ್ಟವಾಯಿತು. ಕೊನೆಗೆ ಉಳಿದದ್ದು ಎರಡು: ಅನುದಾನಿತ ಶಾಲೆಯಲ್ಲಿ ಬಿಸಿಯೂಟ ಮಾಡುವ ಪಕ್ಕದ ಬೀದಿಯ ಅಕ್ಕ, ಮತ್ತು ಖಾಸಗಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸು ಓದುವ ಭಾವನ ಮಗಳು.

ಆ ಎರಡನೇ ಹೆಸರು ಬಂದಾಗ ಗೌರಿ ತಲೆ ತಗ್ಗಿಸಿದಳು. ಅಪ್ಪ ಅಮ್ಮನನ್ನು ಹೊರಗೆ ಕೂರಿಸಿದೆ.

ಮಾತು ಹೊರಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಸಂಕ್ರಾಂತಿಗೆ ಅತ್ತೆ ಮಗಳು ಊರಿಗೆ ಬಂದಿದ್ದಳಂತೆ. ರಾತ್ರಿ ಪಕ್ಕದಲ್ಲೇ ಮಲಗಿದ್ದಾಗ ಗೌರಿ ಕೇಳಿದ್ದಾಳೆ, ನಿಮ್ಮ ಸ್ಕೂಲು ಹೆಂಗಿದೆ ಅಂತ. "ಚೆನ್ನಾಗಿದೆ, ಆದ್ರೆ ಬೆಳಿಗ್ಗೆ ನೀರು ಕುಡಿಯಬಾರದು ಅಷ್ಟೇ" ಅಂದಳಂತೆ ಅವಳು. ಪಾಠದ ನಡುವೆ ಟಾಯ್ಲೆಟ್‌ಗೆ ಹೋಗಬೇಕಾದರೆ ಎದ್ದು ನಿಂತು ಎಲ್ಲರೆದುರು ಇಂಗ್ಲಿಷ್‌ನಲ್ಲಿ ಕೇಳಬೇಕು. ಯಾರು ಎಷ್ಟು ಸಲ ಹೋದರು ಅಂತ ಮಿಸ್ಸು ಬರೆದಿಡುತ್ತಾರೆ. ಬಿಡುವಿನಲ್ಲಿ ಉದ್ದ ಸಾಲು. ಬಸ್ಸು ಬೆಳಿಗ್ಗೆ 7ಕ್ಕೆ ಹೊರಟರೆ ವಾಪಸು ಸಂಜೆ 5.30ಕ್ಕೆ. ಹಾಗಾಗಿ ಹುಡುಗಿಯರು ನೀರೇ ಕುಡಿಯುವುದಿಲ್ಲ. ಬಾಟಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತದೆ.

ಗೌರಿ ಮೈನೆರೆದದ್ದು ಕಳೆದ ನವೆಂಬರಿನಲ್ಲಿ. "ಆ ದಿನ ಆದ್ರೆ ಏನ್ ಮಾಡ್ಲಿ ಮೇಡಂ? ನಂಗೆ ಇಂಗ್ಲಿಷ್‌ನಲ್ಲಿ ಕೇಳೋಕೇ ಬರಲ್ಲ" ಅಂದಳು.

ಇಂಗ್ಲಿಷ್ ಪಾಠ ಅರ್ಥವಾಗಲಿಕ್ಕಿಲ್ಲ ಎಂಬುದು ಅವಳ ಭಯ ಆಗಿರಲೇ ಇಲ್ಲ. ಅವಳಿಗೆ ಇಂಗ್ಲಿಷ್ ಇಷ್ಟ ಕೂಡ. ದ್ಯುತಿಸಂಶ್ಲೇಷಣೆಗೆ ಇಂಗ್ಲಿಷ್‌ನಲ್ಲಿ ಏನಂತಾರೆ ಅಂತ ಮೇಷ್ಟ್ರ ಹತ್ತಿರ ಕೇಳಿ, ನೋಟ್‌ಬುಕ್ಕಿನ ಅಂಚಿನಲ್ಲಿ 'ಫೋಟೋಸಿಂಥೆಸಿಸ್' ಅಂತ ಬರೆದಿಟ್ಟುಕೊಂಡಿದ್ದಳು. ನನಗೆ ತೋರಿಸಿದಳು.

ದೊಡ್ಡವರ 14 ಅಭಿಪ್ರಾಯದಲ್ಲಿ ಟಾಯ್ಲೆಟ್ ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ಮಗುವಿನ ಅಭಿಪ್ರಾಯ ಕೇಳಿ ಎಂದರೆ ನಾವು 'ನಿಂಗೆ ಯಾವ ಸ್ಕೂಲು ಇಷ್ಟ' ಅಂತ ಕೇಳುತ್ತೇವೆ. ಅದಕ್ಕೆ ಮಕ್ಕಳ ಹತ್ತಿರ ಉತ್ತರ ಇರುವುದಿಲ್ಲ. ಇದ್ದರೂ ಅಪ್ಪ ಅಮ್ಮನ ಮುಖ ನೋಡಿ ಕೊಡುತ್ತಾರೆ. 'ಅಲ್ಲಿ ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಹೆಂಗೆ ಕಳೀತೀಯ, ಹೇಳು' ಎಂದು ಕೇಳಿ ನೋಡಿ. ಬಸ್ಸು, ಊಟ, ನೀರು, ಪಕ್ಕದಲ್ಲಿ ಕೂರುವವಳು, ಹೊಡೆಯುವ ಮೇಷ್ಟ್ರು ಎಲ್ಲ ತಾವಾಗಿ ಬರುತ್ತವೆ.

ಇದರಲ್ಲಿ ಎಷ್ಟನ್ನು ಅಪ್ಪ ಅಮ್ಮನಿಗೆ ಹೇಳಬಹುದು ಎಂದು ಗೌರಿಯನ್ನೇ ಕೇಳಿದೆ. "ಅಮ್ಮಂಗೆ ಎಲ್ಲಾ ಹೇಳಿ. ಅಪ್ಪಂಗೆ ನೀರಿಂದು ಮಾತ್ರ." ಹಾಗೇ ಮಾಡಿದೆ. ಅಮ್ಮ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಎಂಟನೇ ಕ್ಲಾಸಿನಲ್ಲಿ ತಾನು ಶಾಲೆ ಬಿಟ್ಟದ್ದೂ ಇದೇ ಕಾರಣಕ್ಕೆ, ಮನೆಯಲ್ಲಿ ಮಾತ್ರ 'ಓದು ಹತ್ತಲಿಲ್ಲ' ಅಂತ ಹೇಳಿದ್ದೆ ಅಂದರು. ನೀರು ಕುಡಿಯದೆ, ಮೂತ್ರ ತಡೆದು ಕೂರುವ ಹುಡುಗಿಯರಿಗೆ ಮೂತ್ರದ ಸೋಂಕು ತಗಲುವ ಸಂಭವ ಜಾಸ್ತಿ ಎಂದು ಅಪ್ಪನಿಗೆ ಡಾಕ್ಟರೇ ಫೋನಿನಲ್ಲಿ ಹೇಳಿದರು. ಅದನ್ನೂ ಅವರು ಬರೆದುಕೊಂಡರು.

ಇನ್ನು ಕೊಟ್ಟ ಸಲಹೆಯ ವಿಷಯ. ಯಾವ ಶಾಲೆ ಅಂತ ನಾನು ಹೇಳಲಿಲ್ಲ. ಒಮ್ಮೆ ಹೇಳಿ ಅನುಭವಿಸಿಯಾಗಿತ್ತು. ಹೋಗಿ ನೋಡಿ ಬನ್ನಿ, ಮಗಳನ್ನೂ ಕರೆದುಕೊಂಡು ಹೋಗಿ ಅಂದೆ. ಹೋಗುವುದು ಭಾನುವಾರವೂ ಅಲ್ಲ, ವಾರ್ಷಿಕೋತ್ಸವದ ದಿನವೂ ಅಲ್ಲ. ಶಾಲೆ ನಡೆಯುವ ದಿನ, ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಹೊತ್ತಿಗೆ. ಅಮ್ಮ ಮಗಳು ಟಾಯ್ಲೆಟ್ ನೋಡಲಿ: ಚಿಲಕ ಇದೆಯಾ, ನೀರು ಬರುತ್ತಾ, ಬೀಗ ಹಾಕಿದ್ದರೆ ಕೀ ಯಾರ ಹತ್ತಿರ.

ಅಪ್ಪನಿಗೆ ಕೊಟ್ಟ ಕೆಲಸ ರಿಸಲ್ಟಿನದು. ಖಾಸಗಿ ಶಾಲೆಯ ಫ್ಲೆಕ್ಸಿನ ಫೋಟೋ ಅವರ ಫೋನಿನಲ್ಲಿತ್ತು. 625ಕ್ಕೆ ಆರುನೂರರ ಮೇಲೆ ತೆಗೆದ ಮಕ್ಕಳ ಮುಖಗಳು, ನಡುವೆ ಕೆಂಪು ಅಕ್ಷರದಲ್ಲಿ ಶೇ. 100. ದೊಡ್ಡದು ಮಾಡಿ ನೋಡಿದರೆ ಮೂಲೆಯಲ್ಲಿ 2023 ಎಂದಿತ್ತು. ಆ ವರ್ಷ ಇಡೀ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶವೇ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕ ಹೆಚ್ಚಿಸಿ ಕೊಟ್ಟರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಶೇ. 62.34. ಹಾಗಾಗಿ ಹಳೇ ಫ್ಲೆಕ್ಸು ನೋಡಿ ಶಾಲೆ ಅಳೆಯಬೇಡಿ, ಈಚಿನ ಎರಡು ವರ್ಷದ್ದು ಕೇಳಿ ಅಂದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. 'ಎಂಟನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದ್ದರು, ಅವರಲ್ಲಿ ಹತ್ತನೇ ಪರೀಕ್ಷೆಗೆ ಕೂತವರು ಎಷ್ಟು?' ಒಂಬತ್ತರಲ್ಲೇ ಹಿಂದೆ ಬಿದ್ದವರ ಕೈಗೆ ಟಿಸಿ ಕೊಟ್ಟು ಕಳಿಸಿದರೆ ಯಾವ ಶಾಲೆಗೂ ನೂರಕ್ಕೆ ನೂರು ಬರುತ್ತದೆ. ಎಲ್ಲರೂ ಹಾಗೆ ಮಾಡುತ್ತಾರೆ ಅಂತಲ್ಲ. ಆದರೆ ಈ ಪ್ರಶ್ನೆಗೆ ಆಫೀಸಿನವರು ಹೇಗೆ ಉತ್ತರ ಕೊಡುತ್ತಾರೆ ಎನ್ನುವುದರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಮನೆಯಲ್ಲಿ ಯಾರಿಗೂ ಗೊತ್ತಿರದ ಒಂದು ಲೆಕ್ಕವನ್ನು ನಾನೇ ಎತ್ತಬೇಕಾಯಿತು. ಸಿಇಟಿ ಮೂಲಕ ಸಿಗುವ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಸರ್ಕಾರಿ ಸೀಟಿನಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಆದರೆ 1ರಿಂದ 10ರವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ಗೌರಿ ಏಳು ವರ್ಷ ಮುಗಿಸಿದ್ದಾಳೆ. ಪೇಟೆ ಶಾಲೆಗೆ ಹೋದರೆ ಗ್ರಾಮೀಣದ್ದು ಹೋಯಿತು, ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಕನ್ನಡದ್ದೂ ಹೋಯಿತು. ಅಪ್ಪ ಒಂದು ನಿಮಿಷ ಸುಮ್ಮನಾದರು. ಮೂರು ವರ್ಷ ಕಾದರೆ ಬೆಲೆ ಬರುವ ಕೊಬ್ಬರಿಯನ್ನು ಈಗಲೇ ಮಾರಿದ ಹಾಗೆ ಅಂತ ಅವರಿಗೆ ಅನ್ನಿಸಿರಬೇಕು. ಆದರೆ ಎಂಜಿನಿಯರಿಂಗ್ ಓದುತ್ತಾಳೋ ಇಲ್ಲವೋ ಗೊತ್ತಿಲ್ಲದ ಹುಡುಗಿಗೆ ಇದೊಂದನ್ನೇ ನೋಡಿ ಶಾಲೆ ಹುಡುಕಬೇಡಿ ಎಂದೂ ಹೇಳಿದೆ. ತಿಳಿದೇ ಬಿಡುವುದು ಬೇರೆ, ಗೊತ್ತಿಲ್ಲದೆ ಕಳೆದುಕೊಳ್ಳುವುದು ಬೇರೆ.

ಮೂರೂ ಶಾಲೆ ನೋಡಿ ಬಂದರು. ಅನುದಾನಿತ ಶಾಲೆಯ ಹೆಡ್‌ಮಾಸ್ಟರು ಒಳ್ಳೆಯವರು, ಮುಚ್ಚುಮರೆ ಇಲ್ಲದೆ ಮಾತಾಡಿದರಂತೆ. ಗಣಿತದವರು ನಿವೃತ್ತರಾಗಿ ಎರಡು ವರ್ಷ ಆಗಿದೆ, ಜಾಗ ತುಂಬಿಲ್ಲ, ವಿಜ್ಞಾನದವರೇ ಎರಡನ್ನೂ ನೋಡಿಕೊಳ್ಳುತ್ತಿದ್ದಾರೆ. ಅನುದಾನಿತ ಶಾಲೆಗಳ ಪಾಡು ಬಹಳ ಕಡೆ ಹೀಗೇ. ಟಾಯ್ಲೆಟ್ ಇದೆ, ಕೊಳವೆಯಲ್ಲಿ ನೀರಿಲ್ಲ, ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಖಾಸಗಿ ಶಾಲೆಯಲ್ಲಿ ಟೈಲ್ಸ್ ಹಾಕಿದ ಟಾಯ್ಲೆಟ್, ನೀರೂ ಇದೆ. ಅಪ್ಪ ಎಂಟನೇ ಕ್ಲಾಸಿನ ಸಂಖ್ಯೆ ಕೇಳಿದ್ದಕ್ಕೆ 'ಮುಂದಿನ ವಾರ ಬನ್ನಿ' ಅಂದರು. ಅಮ್ಮ ನೀರಿನ ವಿಷಯ ಎತ್ತಿದ್ದಕ್ಕೆ 'ಡಿಸಿಪ್ಲಿನ್ ಬೇಕಲ್ವಾ' ಅಂದರು.

ಸರ್ಕಾರಿ ಹೈಸ್ಕೂಲಿನ ಕಾಂಪೌಂಡು ಒಂದು ಕಡೆ ಬಿದ್ದಿತ್ತು. ಇಂಗ್ಲಿಷ್ ಸೆಕ್ಷನ್ನಿನಲ್ಲಿ 60ಕ್ಕೂ ಹೆಚ್ಚು ಮಕ್ಕಳು. ಹುಡುಗಿಯರ ಟಾಯ್ಲೆಟ್ಟಿಗೆ ಬೀಗ. ಅಮ್ಮನ ಮುಖ ಸಪ್ಪಗಾಯಿತಂತೆ. ಅಷ್ಟರಲ್ಲಿ ಇಬ್ಬರು ಹುಡುಗಿಯರು ಬಂದು ಸ್ಟಾಫ್ ರೂಮಿನ ಬಾಗಿಲ ಪಕ್ಕದ ಮೊಳೆಯಿಂದ ಕೀ ತೆಗೆದುಕೊಂಡು ಹೋದರು. ಯಾರನ್ನೂ ಕೇಳಲಿಲ್ಲ. ವಾಪಸು ತಂದು ಅದೇ ಮೊಳೆಗೆ ತಗುಲಿಸಿದರು. ಹೊರಗಿನ ಹುಡುಗರು ಬಂದು ನಲ್ಲಿ ಮುರಿಯುತ್ತಾರೆ, ಅದಕ್ಕೇ ಬೀಗ ಎಂದು ಟೀಚರೊಬ್ಬರು ಹೇಳಿದರು.

ನನ್ನ ಹತ್ತಿರ ಕೂತಾಗ ಗೌರಿ ಆ ಮೊಳೆಯ ಸುದ್ದಿಯನ್ನೇ ಎರಡು ಸಲ ಹೇಳಿದಳು.

ಅಲ್ಲಿಗೇ ಸೇರಿದಳು, ಇಂಗ್ಲಿಷ್ ಸೆಕ್ಷನ್ನಿಗೆ. ಪ್ರಥಮ ಭಾಷೆ ಕನ್ನಡವೇ. ಅದಕ್ಕೆ ಎಸ್ಸೆಸ್ಸೆಲ್ಸಿಯಲ್ಲಿ 125 ಅಂಕ, ಅಷ್ಟರಮಟ್ಟಿಗೆ ನೆಲ ಗಟ್ಟಿ. ನಾನಾಗಿದ್ದರೆ ಕನ್ನಡ ಸೆಕ್ಷನ್ ಅನ್ನುತ್ತಿದ್ದೆನೇನೋ. ಆದರೆ ಕೇಳಿದವರು ಯಾರು? ಬೇಸಿಗೆ ರಜೆಯಲ್ಲಿ ಏಳನೇ ಕ್ಲಾಸಿನ ವಿಜ್ಞಾನ, ಗಣಿತದ ಪದಗಳನ್ನು ಎರಡೂ ಭಾಷೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದ್ದೆ, ದಿನಕ್ಕೆ ಹತ್ತು. ಜೊತೆಗೆ ಶಾಲೆಯಲ್ಲಿ ಕೇಳಬೇಕಾಗಿ ಬರುವ ಐದಾರು ಇಂಗ್ಲಿಷ್ ವಾಕ್ಯಗಳನ್ನು ಅಮ್ಮನ ಜೊತೆ ಜೋರಾಗಿ ಹೇಳಿ ಅಭ್ಯಾಸ ಮಾಡಲು. ಅಮ್ಮನೂ ಕಲಿತರು.

ಆಗಸ್ಟಿನಲ್ಲಿ ಫೋನ್ ಮಾಡಿದೆ. ಎಲ್ಲ ಸರಿಹೋಯಿತು ಅಂತೇನಿಲ್ಲ. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡಿಲ್ಲ, ಆದರೆ ತುಂಬಿದ ಬಸ್ಸು ಇವರ ಸ್ಟಾಪಿನಲ್ಲಿ ವಾರಕ್ಕೆರಡು ದಿನ ನಿಲ್ಲುವುದಿಲ್ಲ. ಆ ದಿನ ಅಪ್ಪ ಟಿವಿಎಸ್‌ನಲ್ಲಿ ಪೇಟೆವರೆಗೂ ಬಿಡಬೇಕು. ಮೊದಲ ಟೆಸ್ಟಿನಲ್ಲಿ ವಿಜ್ಞಾನಕ್ಕೆ 25ಕ್ಕೆ 9. "ತಪ್ಪು ಮಾಡಿದ್ವಾ ಮೇಡಂ?" ಅಂತ ಅಪ್ಪ ಕೇಳಿದರು. ದಸರಾ ರಜೆಗೆ ಮುಂಚೆ ಇನ್ನೊಂದು ಟೆಸ್ಟ್ ಇರುತ್ತಲ್ಲ, ಅಲ್ಲಿವರೆಗೆ ಕಾಯಿರಿ ಅಂದೆ. ಭಾವ ಏನಂದರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೊಟ್ಟೆನೋವು ಜೂನ್‌ನಲ್ಲಿ ಒಮ್ಮೆ ಬಂದಿತ್ತಂತೆ, ಆಮೇಲೆ ಇಲ್ಲ. ಫೋನು ಅಮ್ಮನ ಕೈಗೆ ಹೋಯಿತು. "ಬಾಟ್ಲು ಖಾಲಿಯಾಗೇ ಬರುತ್ತೆ ಮೇಡಂ" ಅಂದರು. "ಆದ್ರೆ ಮೂರ್ ಸಲ ಮುಚ್ಚಳ ಕಳ್ಕೊಂಡು ಬಂದವ್ಳೆ."